ರೊಕ್ಕ ಯಾರ ಕೈಗೆ ಹೋಗ್ತದ? ಹೂಡಿಕೆಯ ಪರಿಭಾಷೆಯನ್ನು ತಿಳಿಗನ್ನಡದಲ್ಲಿ ಹೇಳುವ ಬಗೆ

(ಕಲಬುರಗಿಯಲ್ಲಿ ನಿವೃತ್ತ ನೌಕರರು, ಸ್ವಸಹಾಯ ಸಂಘಗಳ ಲೆಕ್ಕ ಬರೆಯುವ ಮಹಿಳೆಯರು ಮತ್ತು ವಾಣಿಜ್ಯ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಗೆ ಬಂದ ಒಂದು ಪ್ರಶ್ನೆಯನ್ನೂ ಅದರ ಉತ್ತರವನ್ನೂ ಸೇರಿಸಿದೆ.)

ಎಲ್ಲರಿಗೂ ಶರಣು.

ಯಾವ ಯೋಜನೆಯಲ್ಲಿ ಹಣ ಹಾಕಬೇಕು ಎಂಬ ಸಲಹೆಯನ್ನು ಇಂದು ನನ್ನಿಂದ ನಿರೀಕ್ಷಿಸಬೇಡಿ. ಹಣ ಹಾಕುವ ಮುನ್ನ ಎದುರಿಗೆ ಕುಳಿತವರು ಆಡುವ ಮಾತು ನಮಗೆ ನಿಜವಾಗಿ ತಿಳಿದಿದೆಯೇ ಎಂದು ಪರೀಕ್ಷಿಸಿಕೊಳ್ಳುವುದು ಹೇಗೆ, ತಿಳಿದದ್ದನ್ನು ಮನೆಯವರಿಗೂ ಸಂಘದ ಸದಸ್ಯರಿಗೂ ಮುಟ್ಟುವಂತೆ ಹೇಳುವುದು ಹೇಗೆ ಎಂಬುದು ನನ್ನ ವಿಷಯ. ನಿವೃತ್ತರಾದವರಿಗೆ ಇದು ಹೆಚ್ಚು ತುರ್ತಿನದು. ಗ್ರಾಚ್ಯುಯಿಟಿ ಮತ್ತು ಕಮ್ಯುಟೇಶನ್ (ಪಿಂಚಣಿಯ ಒಂದು ಭಾಗವನ್ನು ಮುಂಚಿತವಾಗಿ ಒಟ್ಟಿಗೆ ಪಡೆಯುವ) ಹಣ ಖಾತೆಗೆ ಜಮೆಯಾದ ವಾರದಲ್ಲೇ ಮನೆಯ ಬಾಗಿಲಿಗೆ ಬರುವವರ ಸಂಖ್ಯೆ ಎಷ್ಟೆಂದು ಇಲ್ಲಿ ಕುಳಿತ ಹಿರಿಯರಿಗೆ ಗೊತ್ತಿದೆ.

ಅರ್ಥವಾಗದ ಭಾಷೆಯಲ್ಲಿ ಹಣದ ವ್ಯವಹಾರ ನಡೆಯುವ ತೊಂದರೆ ಇಂಗ್ಲಿಷಿನವರಿಗೂ ಇದೆ. ಅಮೆರಿಕದ ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಕ್ಯುರಿಟೀಸ್ ಅಂಡ್ ಎಕ್ಸ್‌ಚೇಂಜ್ ಕಮಿಷನ್, ಕಂಪನಿಗಳು ಷೇರು ಮಾರುವಾಗ ಕೊಡುವ ಪ್ರಾಸ್ಪೆಕ್ಟಸ್‌ನ ಮುಖಪುಟ, ಸಾರಾಂಶ ಮತ್ತು ಅಪಾಯಗಳ ಭಾಗ ಸರಳ ಇಂಗ್ಲಿಷಿನಲ್ಲಿಯೇ ಇರಬೇಕೆಂದು 1998ರಲ್ಲಿ ನಿಯಮ ಮಾಡಿತು. ಅದೇ ವರ್ಷ ಆ ಸಂಸ್ಥೆ ಹೊರತಂದ ಕೈಪಿಡಿಗೆ ಮುನ್ನುಡಿ ಬರೆದ ವಾರನ್ ಬಫೆಟ್, ತಮ್ಮ ಕಂಪನಿಯ ವಾರ್ಷಿಕ ವರದಿಯನ್ನು ಬರೆಯುವಾಗ ತಮ್ಮ ಸೋದರಿಯರಾದ ಡೋರಿಸ್ ಮತ್ತು ಬರ್ಟಿಯವರೊಡನೆ ಮಾತನಾಡುತ್ತಿರುವಂತೆ ಭಾವಿಸಿಕೊಳ್ಳುವುದಾಗಿ ಹೇಳಿದ್ದಾರೆ. ಆ ಸೋದರಿಯರು ಬಹಳ ಬುದ್ಧಿವಂತರು, ಆದರೆ ಲೆಕ್ಕಪತ್ರದಲ್ಲಾಗಲಿ ಹಣಕಾಸಿನಲ್ಲಾಗಲಿ ಪರಿಣತರಲ್ಲ ಎಂಬುದು ಅವರ ವಿವರಣೆ. ಇದರಲ್ಲಿ ‘ಬುದ್ಧಿವಂತರು’ ಎಂಬುದನ್ನು ನಾವು ಮರೆಯುತ್ತೇವೆ. ಸರಳವಾಗಿ ಹೇಳುವುದೆಂದರೆ ಕೇಳುವವರನ್ನು ಮಕ್ಕಳೆಂದು ತಿಳಿದು ಅರ್ಧ ವಿಷಯವನ್ನು ಬಿಟ್ಟು ಹೇಳುವುದು ಎಂಬ ಅಭ್ಯಾಸ ನಮ್ಮಲ್ಲಿ ಬೆಳೆದಿದೆ, ಮತ್ತು ಬಿಟ್ಟುಹೋಗುವ ಆ ಅರ್ಧ ಸಾಮಾನ್ಯವಾಗಿ ನಷ್ಟಕ್ಕೆ ಸಂಬಂಧಿಸಿದ್ದೇ ಆಗಿರುತ್ತದೆ.

ಹೂಡಿಕೆಯ ಯಾವ ಪದವನ್ನೇ ತೆಗೆದುಕೊಳ್ಳಿ, ಅದು ನಾಲ್ಕು ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ನಮ್ಮ ಭಾಗದ ಮಾತಿನಲ್ಲಿಯೇ ಅವನ್ನು ಹೇಳುತ್ತೇನೆ. ರೊಕ್ಕ ಯಾರ ಕೈಗೆ ಹೋಗ್ತದ? ಯಾವಾಗ, ಎಷ್ಟಾಗಿ ತಿರುಗಿ ಬರ್ತದ? ಮುಳುಗಿದ್ರ ಯಾರದು ಮುಳುಗ್ತದ? ನಡುವ ಯಾರು ಎಷ್ಟು ತಿಂತಾರ? ಪದವನ್ನು ಬಾಯಿಗೆ ತಾರದೆ ಈ ನಾಲ್ಕಕ್ಕೂ ಉತ್ತರ ಹೇಳಬಲ್ಲವರಿಗೆ ಆ ಪದ ತಿಳಿದಿದೆ. ಹೇಳಲಾರದವರಿಗೆ, ಅವರ ಹೆಸರಿನ ಮುಂದೆ ಎಂಥ ಪದವಿ ಇದ್ದರೂ, ತಿಳಿದಿಲ್ಲ ಎಂದೇ ನನ್ನ ತೀರ್ಮಾನ. ಕರಪತ್ರಗಳ ವಾಕ್ಯಗಳನ್ನು ಗಮನಿಸಿ: ‘ಶುಲ್ಕ ಅನ್ವಯವಾಗುತ್ತದೆ’, ‘ಮೌಲ್ಯವನ್ನು ಸರಿಹೊಂದಿಸಲಾಗುತ್ತದೆ’, ‘ಆದಾಯವನ್ನು ವಿತರಿಸಲಾಗುತ್ತದೆ’. ಯಾರು ಯಾರಿಂದ ತೆಗೆದುಕೊಂಡು ಯಾರಿಗೆ ಕೊಡುತ್ತಾರೆ ಎಂಬುದು ಈ ವಾಕ್ಯಗಳಲ್ಲಿ ಎಲ್ಲಿಯೂ ಇಲ್ಲ. ಅವನ್ನು ಕನ್ನಡಕ್ಕೆ ತಂದರೂ ಇಂಗ್ಲಿಷಿನಲ್ಲೇ ಬಿಟ್ಟರೂ ಓದುಗರ ಪಾಲಿಗೆ ವ್ಯತ್ಯಾಸವಾಗುವುದಿಲ್ಲ.

ಲೆಕ್ಕ ನಮ್ಮ ಭಾಗದವರಿಗೆ ಹೊಸದಲ್ಲ. ನಿಜಾಮರ ಕಾಲದಲ್ಲಿ ಇಲ್ಲಿ ಹಾಲಿ ಸಿಕ್ಕಾ ನಡೆಯುತ್ತಿತ್ತು, ಗಡಿಯಾಚೆ ಬ್ರಿಟಿಷರ ಕಲ್ದಾರ್ ರೂಪಾಯಿ. ಆರು ಕಲ್ದಾರಿಗೆ ಏಳು ಹಾಲಿ ಎಂಬ ಲೆಕ್ಕವನ್ನು ಸೊಲ್ಲಾಪುರದ ಪೇಟೆಗೆ ಹೋಗಿಬರುತ್ತಿದ್ದ ವ್ಯಾಪಾರಿ ಬಾಯಲ್ಲೇ ಮಾಡಬೇಕಾಗಿತ್ತು. ಇಂದಿಗೂ ಗಂಜಿನಲ್ಲಿ, ಅಂದರೆ ಕೃಷಿ ಮಾರುಕಟ್ಟೆಯಲ್ಲಿ, ತೊಗರಿ ಮಾರಿದ ರೈತ ತೂಕ, ಹಮಾಲಿ, ಮುಂಗಡಕ್ಕೆ ಹಿಡಿದುಕೊಂಡದ್ದು ಇವೆಲ್ಲ ಕಳೆದು ಕೈಗೆ ಬರಬೇಕಾದದ್ದನ್ನು ಚೀಟಿ ನೋಡುವ ಮೊದಲೇ ಹೇಳುತ್ತಾನೆ. ಆದರೆ ಅದೇ ರೈತನ ಮುಂದೆ ಬಡ್ಡಿಯನ್ನು ಬೇರೊಂದು ಅಳತೆಯಲ್ಲಿ ಇಟ್ಟರೆ ಹೋಲಿಸಿ ನೋಡುವುದು ಕಷ್ಟವಾಗುತ್ತದೆ. ಕೈಗಡ ಕೊಡುವವರು ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಎನ್ನುತ್ತಾರೆ, ಬ್ಯಾಂಕು ವರ್ಷಕ್ಕೆ ಶೇಕಡಾ 7 ಎನ್ನುತ್ತದೆ, ಏಜೆಂಟರು ಇಷ್ಟು ವರ್ಷಕ್ಕೆ ‘ಡಬಲ್’ ಎನ್ನುತ್ತಾರೆ, ಸೈಟು ಮಾರುವವರು ಹತ್ತು ಪಟ್ಟು ಆಯಿತು ಎನ್ನುತ್ತಾರೆ. ಈ ನಾಲ್ಕನ್ನೂ ಒಂದೇ ಅಳತೆಗೆ, ಅಂದರೆ ವರ್ಷಕ್ಕೆ ನೂರಕ್ಕೆ ಎಷ್ಟು ಎಂಬುದಕ್ಕೆ ತರುವುದು ವಿವರಿಸುವವರ ಮೊದಲ ಕೆಲಸ.

ನೂರಕ್ಕೆ ತಿಂಗಳಿಗೆ ಎರಡು ಎಂದರೆ ವರ್ಷಕ್ಕೆ 24. ಡಬಲ್ ಆಗುವ ಕಾಲವನ್ನು ಬಡ್ಡಿಗೆ ತಿರುಗಿಸಲು 72 ಎಂಬ ಸಂಖ್ಯೆಯನ್ನು ವರ್ಷಗಳಿಂದ ಭಾಗಿಸಿದರೆ ಸುಮಾರಿನ ಉತ್ತರ ಸಿಗುತ್ತದೆ: ಒಂಬತ್ತು ವರ್ಷಕ್ಕೆ ಡಬಲ್ ಎಂದರೆ ವರ್ಷಕ್ಕೆ ಹೆಚ್ಚುಕಡಿಮೆ 8. ಅಂಚೆ ಕಚೇರಿಯ ಕಿಸಾನ್ ವಿಕಾಸ ಪತ್ರದ ಬಡ್ಡಿ 2023ರ ಏಪ್ರಿಲ್‌ನಲ್ಲಿ 7.5ಕ್ಕೆ ಏರಿದಾಗ ಹಣ ಇಮ್ಮಡಿಯಾಗುವ ಅವಧಿ 115 ತಿಂಗಳು ಎಂದು ನಿಗದಿಯಾಯಿತು. ಅಂದರೆ ಒಂಬತ್ತೂವರೆ ವರ್ಷಕ್ಕಿಂತ ಒಂದು ತಿಂಗಳು ಹೆಚ್ಚು. ಇದನ್ನು ಮನಸ್ಸಿನಲ್ಲಿಟ್ಟುಕೊಂಡವರ ಬಳಿ ಯಾರಾದರೂ ಬಂದು ಮೂರು ವರ್ಷಕ್ಕೆ ಡಬಲ್ ಎಂದರೆ, ಅದು 72ರ ಲೆಕ್ಕಕ್ಕೆ ವರ್ಷಕ್ಕೆ 24ರ, ಕರಾರುವಾಕ್ಕಾಗಿ ಹೇಳಿದರೆ ಸುಮಾರು 26ರ ಮಾತು ಎಂದು ತಕ್ಷಣ ತಿಳಿಯುತ್ತದೆ. ಆಗ ಕೇಳಬೇಕಾದ್ದು ಇಷ್ಟೇ: ನನಗೆ 26 ಕೊಡಲು ಅವರು ಆ ಹಣವನ್ನು ಯಾವ ವ್ಯಾಪಾರಕ್ಕೆ ಹಾಕಿ 26ಕ್ಕಿಂತ ಹೆಚ್ಚು ದುಡಿಯುತ್ತಾರೆ? ಉತ್ತರ ಬಾರದಿದ್ದರೆ, ನಂತರ ಸೇರುವವರ ಹಣವೇ ಮೊದಲು ಸೇರಿದವರ ಬಡ್ಡಿಯಾಗುತ್ತಿದೆ ಎಂದು ತಿಳಿಯಬೇಕು.

ಸೈಟಿನ ಮಾತನ್ನೂ ನೋಡೋಣ. ಸೇಡಂ ರಸ್ತೆಯ ಕಡೆ 2005ರಲ್ಲಿ ಎರಡು ಲಕ್ಷಕ್ಕೆ ಕೊಂಡ, ಕೃಷಿಯೇತರ ಎಂದು ಪರಿವರ್ತನೆಯಾದ ಎನ್‌ಎ ಸೈಟು 2025ರಲ್ಲಿ ಇಪ್ಪತ್ತು ಲಕ್ಷಕ್ಕೆ ಹೋಯಿತು ಎಂದುಕೊಳ್ಳಿ. ಹತ್ತು ಪಟ್ಟು ಎಂಬುದು ಕೇಳಲು ದೊಡ್ಡದು. ವರ್ಷದ ಲೆಕ್ಕಕ್ಕೆ ತಂದರೆ ಅದು ಸುಮಾರು 12.2. ನೋಂದಣಿ ಖರ್ಚು, ತೆರಿಗೆ, ದಲಾಲಿ ಕಳೆದರೆ ಇನ್ನೂ ಕಡಿಮೆ. ಇದು ಕೆಟ್ಟ ಗಳಿಕೆಯಲ್ಲ, ಆದರೆ ಪವಾಡವೂ ಅಲ್ಲ. ಇಂಗ್ಲಿಷಿನಲ್ಲಿ ಸಿಎಜಿಆರ್ ಎಂದು ಬರೆಯುವುದು ಈ 12.2ನ್ನೇ.

ಇನ್ನು ಮ್ಯೂಚುವಲ್ ಫಂಡು. ಮಕ್ಕಳು ಬೆಂಗಳೂರಿನಿಂದ ಫೋನಿನಲ್ಲೇ ಎಸ್‌ಐಪಿ (ತಿಂಗಳು ತಿಂಗಳೂ ಇಂತಿಷ್ಟು ಹಾಕುವ ಕಂತು) ಶುರುಮಾಡಿಕೊಟ್ಟಿರುವ ಮನೆಗಳು ಈಗ ನಮ್ಮಲ್ಲಿ ಬಹಳ. ಅದರಲ್ಲಿ ಮೊದಲು ಎದುರಾಗುವುದು ಎನ್‌ಎವಿ. ಇದನ್ನು ‘ನಿವ್ವಳ ಆಸ್ತಿ ಮೌಲ್ಯ’ ಎಂದು ಅಚ್ಚು ಹಾಕಿಸಿ ಕೈತೊಳೆದುಕೊಳ್ಳುವವರೇ ಹೆಚ್ಚು. ಸಾವಿರಾರು ಜನರ ಹಣವನ್ನು ಒಂದೆಡೆ ಸೇರಿಸಿ, ಷೇರು ಮತ್ತು ಸಾಲಪತ್ರಗಳನ್ನು ಕೊಂಡು, ಅವುಗಳಿಗೆ ಆ ದಿನದ ಪೇಟೆಯಲ್ಲಿ ಎಷ್ಟು ಬೆಲೆಯಿದೆಯೆಂದು ನೋಡಿ, ಫಂಡು ಕೊಡಬೇಕಾದ ಬಾಕಿ ಮತ್ತು ಖರ್ಚನ್ನು ಕಳೆದು, ಉಳಿದದ್ದನ್ನು ಒಟ್ಟು ಯೂನಿಟ್‌ಗಳಿಗೆ ಹಂಚಿದರೆ ಒಂದು ಯೂನಿಟ್ಟಿಗೆ ಬರುವ ಮೊತ್ತವೇ ಅದು. ಇಷ್ಟು ಹೇಳಿದ ಮೇಲೂ, 10 ರೂಪಾಯಿಯ ಎನ್‌ಎವಿ ಅಗ್ಗ, 500 ರೂಪಾಯಿಯದು ದುಬಾರಿ ಎಂಬ ಭಾವನೆ ಉಳಿಯುತ್ತದೆ. ‘ಹೊಸ ಫಂಡ್, ಬರೀ ಹತ್ತು ರೂಪಾಯಿ’ ಎಂದು ಮಾರುವವರು ನಂಬುವುದು ಈ ಭಾವನೆಯನ್ನೇ. ಆಗ ಲೆಕ್ಕ ಹಾಕಿಸಬೇಕು. 10,000 ರೂಪಾಯಿಗೆ ಮೊದಲನೆಯದರಲ್ಲಿ 1,000 ಯೂನಿಟ್, ಎರಡನೆಯದರಲ್ಲಿ 20 ಯೂನಿಟ್ ಬರುತ್ತವೆ. ಎರಡೂ ಶೇಕಡಾ 10 ಏರಿದರೆ ಎರಡರಲ್ಲೂ ಕೈಗೆ ಬರುವುದು 11,000. ಕೇಳುವವರು ತಾವೇ ಪೆನ್ನು ಹಿಡಿದು ಈ ಲೆಕ್ಕ ಮಾಡಬೇಕು. ನಾವು ಮಾಡಿ ತೋರಿಸಿದರೆ ತಲೆಯಾಡಿಸುತ್ತಾರೆ, ಅಷ್ಟೇ.

ನಿಯಂತ್ರಕ ಸಂಸ್ಥೆಯೇ ಒಂದು ಹೆಸರನ್ನು ಬದಲಿಸಬೇಕಾಗಿ ಬಂದ ಪ್ರಸಂಗ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಮ್ಯೂಚುವಲ್ ಫಂಡಿನಲ್ಲಿ ‘ಡಿವಿಡೆಂಡ್’ ಎಂಬ ಆಯ್ಕೆ ಬಹುಕಾಲದಿಂದ ಇತ್ತು. ಕಂಪನಿಯ ಷೇರಿಗೆ ಬರುವ ಲಾಭಾಂಶದ ಹಾಗೆ ಇದೂ ಮೇಲೆ ಸಿಗುವ ಹಣ ಎಂದು ಜನ ತಿಳಿದಿದ್ದರು, ಹಾಗೆ ತಿಳಿಯಲು ಮಾರುವವರು ಅಡ್ಡಿಪಡಿಸಲಿಲ್ಲ. ನಡೆಯುವುದೇ ಬೇರೆ: ಎನ್‌ಎವಿ 50 ರೂಪಾಯಿ ಇರುವ ಫಂಡು ಯೂನಿಟ್ಟಿಗೆ 5 ರೂಪಾಯಿ ಹಂಚಿದರೆ ಎನ್‌ಎವಿ 45ಕ್ಕೆ ಇಳಿಯುತ್ತದೆ. ನಮ್ಮ ಗಂಟಿನಿಂದಲೇ ಐದು ರೂಪಾಯಿ ತೆಗೆದು ನಮ್ಮ ಕೈಗೇ ಕೊಟ್ಟಂತಾಯಿತು, ಮತ್ತು 2020ರ ಏಪ್ರಿಲ್‌ನಿಂದ ಆ ಐದು ರೂಪಾಯಿ ಪಡೆದವರ ಆದಾಯಕ್ಕೆ ಸೇರಿ ತೆರಿಗೆಗೂ ಒಳಪಡುತ್ತದೆ. ಇದನ್ನು ಗಮನಿಸಿದ ಸೆಬಿ, ಅಂದರೆ ನಮ್ಮ ಷೇರುಪೇಟೆಯ ನಿಯಂತ್ರಕ ಸಂಸ್ಥೆ, 2021ರ ಏಪ್ರಿಲ್ 1ರಿಂದ ಆ ಆಯ್ಕೆಯನ್ನು ‘ಆದಾಯ ವಿತರಣೆ ಹಾಗೂ ಬಂಡವಾಳ ಹಿಂತೆಗೆತ’ ಎಂಬ ಅರ್ಥದ ಹೆಸರಿನಿಂದ ಕರೆಯಬೇಕೆಂದು ಆದೇಶಿಸಿತು. ಹೊಸ ಹೆಸರು ಪ್ರಾಮಾಣಿಕವಾದದ್ದು, ಆದರೆ ಉದ್ದ ಹೆಚ್ಚಾಯಿತು. ಎಲ್ಲರೂ ಅದನ್ನು ಐಡಿಸಿಡಬ್ಲ್ಯು ಎಂಬ ನಾಲ್ಕಕ್ಷರಕ್ಕೆ ಇಳಿಸಿದರು, ಮತ್ತೆ ಯಾರಿಗೂ ಏನೂ ತಿಳಿಯದಂತಾಯಿತು. ಹೆಸರನ್ನು ಎಷ್ಟೇ ತಿದ್ದಿದರೂ ಅದರ ಜೊತೆಗೆ ಒಂದು ಪೂರ್ಣ ವಾಕ್ಯ ಹೇಳುವ ಮನುಷ್ಯರು ಬೇಕು.

ನಾಲ್ಕನೆಯ ಪ್ರಶ್ನೆ, ನಡುವೆ ತಿನ್ನುವವರದು, ಫಂಡಿನಲ್ಲಿ ‘ಎಕ್ಸ್‌ಪೆನ್ಸ್ ರೇಶಿಯೋ’ ಎಂಬ ಹೆಸರಿನಲ್ಲಿರುತ್ತದೆ. ವರ್ಷಕ್ಕೆ ಶೇಕಡಾ ಒಂದು ಎಂದರೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ, ಏಕೆಂದರೆ ಅದು ಲಾಭದ ಒಂದಂಶ ಎಂದು ತಿಳಿಯುತ್ತಾರೆ. ಅದು ಇಡೀ ಗಂಟಿನ ಒಂದಂಶ; ನಷ್ಟವಾದ ವರ್ಷದಲ್ಲೂ ದಿನದಿನಕ್ಕೆ ಹಂಚಿ ಕಳೆಯುತ್ತಾರೆ. ಹತ್ತು ಲಕ್ಷ ರೂಪಾಯಿ ಇಪ್ಪತ್ತು ವರ್ಷ ವರ್ಷಕ್ಕೆ 12ರಂತೆ ಬೆಳೆದರೆ ಸುಮಾರು 96.5 ಲಕ್ಷವಾಗುತ್ತದೆ, 11ರಂತೆ ಬೆಳೆದರೆ ಸುಮಾರು 80.6 ಲಕ್ಷ. ಆ ಒಂದಂಶದ ಬೆಲೆ ಹದಿನೈದು ಲಕ್ಷಕ್ಕೂ ಮೇಲೆ. ಏಜೆಂಟರ ಕಮಿಷನ್ ಇಲ್ಲದ ‘ಡೈರೆಕ್ಟ್’ ಯೋಜನೆಗಳು 2013ರ ಜನವರಿಯಿಂದ ಇವೆ. ಒಳ್ಳೆಯ ಸಲಹೆ ಕೊಡುವ ಏಜೆಂಟರಿಗೆ ಕಮಿಷನ್ ಹೋಗುವುದರಲ್ಲಿ ತಪ್ಪೇನಿಲ್ಲ. ಅದು ಎಷ್ಟೆಂದು ನಮಗೆ ಗೊತ್ತಿರಬೇಕು. ಜೀವ ವಿಮೆಯ ಎಂಡೋಮೆಂಟ್ (ಅವಧಿ ಮುಗಿದಾಗಲೂ ಹಣ ಕೊಡುವ) ಪಾಲಿಸಿಯ ‘ಬೋನಸ್’ ಬಗ್ಗೆಯೂ ಒಂದು ಮಾತು. ಸಾವಿರಕ್ಕೆ 40 ರೂಪಾಯಿ ಬೋನಸ್ ಎಂದರೆ ಐದು ಲಕ್ಷದ ಪಾಲಿಸಿಗೆ ವರ್ಷಕ್ಕೆ 20,000. ಅದು ಲೆಕ್ಕದಲ್ಲಿ ಸೇರುತ್ತದೆಯೇ ಹೊರತು ಆಗಲೇ ಕೈಗೆ ಬರುವುದಿಲ್ಲ, ಸಾಮಾನ್ಯವಾಗಿ ಆ ಬೋನಸ್ಸಿನ ಮೇಲೆ ಮತ್ತೆ ಬೋನಸ್ ಬೆಳೆಯುವುದೂ ಇಲ್ಲ. ಆದ್ದರಿಂದ ಅದನ್ನು ಶೇಕಡಾ 4 ಚಕ್ರಬಡ್ಡಿ ಎಂದು ಓದಬಾರದು.

‘ರಿಸ್ಕ್’ ಎಂಬ ಒಂದೇ ಮಾತಿನಲ್ಲಿ ಕನಿಷ್ಠ ಮೂರು ಬೇರೆಬೇರೆ ಸಂಗತಿಗಳು ಅಡಗಿವೆ. ಬೆಲೆ ಏರಿಳಿಯುವುದು ಒಂದು. ಸಾಲ ತೆಗೆದುಕೊಂಡವರು ಕೊಡದೇ ಹೋಗುವುದು ಇನ್ನೊಂದು. ಹಣ ಇದೆ, ಆದರೆ ಬೇಕಾದ ದಿನ ಸಿಗುವುದಿಲ್ಲ ಎಂಬುದು ಮತ್ತೊಂದು. ಫಂಡುಗಳ ಕಾಗದದ ಮೇಲೆ ಮುದ್ರಿಸುವ ರಿಸ್ಕೋಮೀಟರ್ 2021ರಿಂದ ಆರು ಹಂತಗಳನ್ನು ತೋರಿಸುತ್ತದೆ. ಮುಳ್ಳು ಎಲ್ಲಿದೆ ಎಂದು ನೋಡಬಹುದು, ಆದರೆ ಮೂರರಲ್ಲಿ ಯಾವುದರ ಪಾಲು ಎಷ್ಟು ಎಂದು ಅದು ಬಿಡಿಸಿ ಹೇಳುವುದಿಲ್ಲ. 2020ರ ಏಪ್ರಿಲ್‌ನಲ್ಲಿ ದೊಡ್ಡ ಫಂಡ್ ಸಂಸ್ಥೆಯೊಂದು ತನ್ನ ಆರು ಸಾಲಪತ್ರ ಯೋಜನೆಗಳನ್ನು ಮುಚ್ಚಿದಾಗ ಹೂಡಿಕೆದಾರರು ಕಂಡದ್ದು ಮೂರನೆಯ ಬಗೆಯದು. ಹಣ ಕಂತುಕಂತಾಗಿ ಬಂತು, ಆದರೆ ಆ ವರ್ಷ ಮಗಳ ಮದುವೆಗೋ ಆಸ್ಪತ್ರೆಗೋ ಬೇಕಿದ್ದವರಿಗೆ ಬರಲಿಲ್ಲ. ಅತ್ಯಂತ ಭದ್ರ ಎಂದು ನಾವು ನಂಬುವ ಜಮೀನಿಗೂ ಈ ಗುಣ ಪೂರ್ತಿಯಾಗಿ ಇದೆ ಎಂಬುದನ್ನು ಹೇಳಿದರೆ ನಮ್ಮ ಹಿರಿಯರು ಒಪ್ಪುವುದಿಲ್ಲ.

ಎರಡನೆಯ ಬಗೆಯ ಅಪಾಯವನ್ನು ಈ ಊರಿನಲ್ಲಿ ವಿಶೇಷವಾಗಿ ವಿವರಿಸಬೇಕು. ಬ್ಯಾಂಕಿನಲ್ಲಿಟ್ಟ ಠೇವಣಿಗೆ, ಅಸಲು ಬಡ್ಡಿ ಎರಡೂ ಸೇರಿ, ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ ಐದು ಲಕ್ಷ ರೂಪಾಯಿವರೆಗೆ ವಿಮೆ ಇದೆ. 2020ರ ಫೆಬ್ರುವರಿಗೆ ಮುಂಚೆ ಇದು ಒಂದು ಲಕ್ಷವಿತ್ತು. ಸಹಕಾರಿ ಬ್ಯಾಂಕುಗಳಿಗೂ ಈ ವಿಮೆ ಅನ್ವಯಿಸುತ್ತದೆ. ಆದರೆ ಪತ್ತಿನ ಸಹಕಾರ ಸಂಘಗಳಿಗೂ ಸೌಹಾರ್ದ ಸಹಕಾರಿಗಳಿಗೂ ಅನ್ವಯಿಸುವುದಿಲ್ಲ. ಇಂಥ ಸಂಘಗಳು ತಮ್ಮ ಹೆಸರಿನಲ್ಲಿ ‘ಬ್ಯಾಂಕ್’ ಎಂದು ಬರೆದುಕೊಳ್ಳುವಂತಿಲ್ಲ, ಅಲ್ಲಿನ ಠೇವಣಿಗೆ ವಿಮೆಯಿಲ್ಲ ಎಂದು ರಿಸರ್ವ್ ಬ್ಯಾಂಕು 2021ರ ನವೆಂಬರ್‌ನಲ್ಲಿ ಸಾರ್ವಜನಿಕರನ್ನು ಎಚ್ಚರಿಸಿತು. ಚೆನ್ನಾಗಿ ನಡೆಯುತ್ತಿರುವ ಸಂಘಗಳು ಬೇಕಾದಷ್ಟಿವೆ. ಅಲ್ಲಿ ಒಂದೆರಡು ಅಂಶ ಬಡ್ಡಿ ಹೆಚ್ಚು ಸಿಗುವುದೂ ನಿಜ. ಆ ಹೆಚ್ಚಿನ ಬಡ್ಡಿಯು ವಿಮೆಯಿಲ್ಲದ ಅಪಾಯಕ್ಕೆ ಸಿಗುವ ಕೂಲಿ ಎಂದು ತಿಳಿದು ಇಡುವುದು ಬೇರೆ, ಎರಡೂ ಒಂದೇ ಎಂದು ತಿಳಿದು ಇಡುವುದು ಬೇರೆ.

ಯುವಕರು ಕಾಯುತ್ತಿರುವ ವಿಷಯಕ್ಕೆ ಬರುತ್ತೇನೆ. ಫ್ಯೂಚರ್ಸ್ ಎಂಬುದನ್ನು ಗಂಜಿನ ವ್ಯಾಪಾರಿಗಳು ವಾಯಿದಾ ಎನ್ನುತ್ತಾರೆ. ಚಿತ್ತಾಪುರದ ರೈತರೊಬ್ಬರು ಜನವರಿಯಲ್ಲಿ ಹತ್ತು ಕ್ವಿಂಟಲ್ ತೊಗರಿಯನ್ನು ಕ್ವಿಂಟಲ್‌ಗೆ 8,000ದಂತೆ ಕೊಡುವುದಾಗಿ ಅಕ್ಟೋಬರ್‌ನಲ್ಲೇ ಒಪ್ಪಿಕೊಂಡರೆ, ಬೆಲೆ 7,000ಕ್ಕೆ ಇಳಿದಾಗ ನಷ್ಟ ಕೊಂಡವರದು, 9,000ಕ್ಕೆ ಏರಿದಾಗ ಆ ಹೆಚ್ಚುವರಿ ರೈತರ ಕೈತಪ್ಪುತ್ತದೆ. 2025-26ರ ಬೆಂಬಲ ಬೆಲೆಯೂ 8,000ವೇ. ಆದರೆ ಅದನ್ನು ಘೋಷಿಸುವುದು ಸರಕಾರ, ವಾಯಿದೆಯಲ್ಲಿ ಎದುರಿಗಿರುವುದು ನಮ್ಮಂಥ ಇನ್ನೊಬ್ಬರು. ಬೆಳೆದವರಿಗೂ ಬೇಳೆ ಗಿರಣಿಯವರಿಗೂ ಇಂಥ ಒಪ್ಪಂದದಿಂದ ನೆಮ್ಮದಿಯಿದೆ. ತೊಗರಿ ಬೆಳೆಯದ, ತೊಗರಿ ಬೇಡದ ಇಬ್ಬರು ಅದೇ ಕಾಗದ ಹಿಡಿದರೆ ಒಬ್ಬರ ಜೇಬಿನಿಂದ ಇನ್ನೊಬ್ಬರ ಜೇಬಿಗೆ ಹಣ ಹೋಗುವುದಷ್ಟೇ ಉಳಿಯುತ್ತದೆ. ತೊಗರಿ ಮತ್ತು ಉದ್ದಿನ ವಾಯಿದಾ ವ್ಯಾಪಾರವನ್ನು 2007ರ ಜನವರಿಯಲ್ಲಿ ನಿಲ್ಲಿಸಲಾಯಿತು; ಷೇರುಗಳದು ನಡೆದೇ ಇದೆ. ಅಲ್ಲಿ ಹತ್ತು ಲಕ್ಷದ ವಹಿವಾಟಿಗೆ ಒಂದೂವರೆ ಲಕ್ಷ ಮಾರ್ಜಿನ್, ಅಂದರೆ ಭದ್ರತೆಯ ಹಣ, ಇಟ್ಟರೆ ಸಾಕು ಎಂದಾದರೆ, ಬೆಲೆ ಶೇಕಡಾ 5 ಇಳಿದಾಗ ಹೋಗುವುದು 50,000, ಅಂದರೆ ಇಟ್ಟದ್ದರ ಮೂರನೆಯ ಒಂದು ಪಾಲು. ಲೆವರೇಜ್ ಎಂದರೆ ಇದು.

ಆಪ್ಷನ್ನನ್ನು ಜಮೀನಿನ ಬಯಾನಾಕ್ಕೆ ಹೋಲಿಸಬಹುದು: ಒಪ್ಪಿದ ಬೆಲೆಗೆ ಇಂತಿಷ್ಟು ದಿನದೊಳಗೆ ಕೊಳ್ಳುವ ಹಕ್ಕಿಗಾಗಿ ಸಂಚಕಾರ ಕೊಡುತ್ತೇವೆ, ಕೊಳ್ಳದಿದ್ದರೆ ಅದು ಹೋಯಿತು. ಕೊಂಡವರ ನಷ್ಟಕ್ಕೆ ಹೀಗೆ ಮಿತಿಯಿದೆ. ಆಪ್ಷನ್ ಮಾರಿದವರ ನಷ್ಟಕ್ಕೆ ಅಂಥ ಮಿತಿಯಿಲ್ಲ ಎಂಬುದನ್ನು ತರಬೇತಿ ಕೊಡುವ ವಿಡಿಯೋಗಳು ಅವಸರದಲ್ಲಿ ದಾಟಿಸುತ್ತವೆ. ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಈ ಫ್ಯೂಚರ್ಸ್ ಮತ್ತು ಆಪ್ಷನ್ ಪೇಟೆಗೆ ಇಳಿದ ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡರು, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ದಾಟಿತು. ಇದಕ್ಕೆ ನನ್ನ ವಿವರಣೆ ಬೇಕಿಲ್ಲ.

ಸಂಘದ ಸಭೆಯಲ್ಲಿ ವಿವರಿಸುವ ತಾಯಂದಿರಿಗೆ ಒಂದೆರಡು ಸೂಚನೆ. ಪದವನ್ನು ಕೊನೆಗೆ ಹೇಳಿ. ಮೊದಲು ನಡೆಯುವ ಸಂಗತಿಯನ್ನು ಹೇಳಿ, ಅದಕ್ಕೆ ಪೇಟೆಯಲ್ಲಿ ಇಂಥ ಹೆಸರಿದೆ ಎಂದು ಆಮೇಲೆ ಸೇರಿಸಿ. ಇಂಗ್ಲಿಷ್ ಹೆಸರನ್ನು ಬಿಡಬೇಡಿ, ಏಕೆಂದರೆ ಸಹಿ ಹಾಕುವ ಕಾಗದದಲ್ಲಿ ಇರುವುದು ಅದೇ. ವಿವರಿಸಿದ ಮೇಲೆ ‘ತಿಳೀತಾ ಅಕ್ಕಾ?’ ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. ‘ಮನಿಗೆ ಹೋಗಿ ಹೆಂಗ ಹೇಳ್ತೀರಿ, ಇಲ್ಲಿ ಹೇಳ್ರಿ’ ಎಂದು ಕೇಳಿ. ಸಾಲದ ವಿಷಯದಲ್ಲಿ ಕಾನೂನೂ ನಿಮ್ಮ ಕಡೆಗಿದೆ. ಬ್ಯಾಂಕುಗಳೂ ಹಣಕಾಸು ಕಂಪನಿಗಳೂ 2024ರ ಅಕ್ಟೋಬರ್‌ನಿಂದ ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಎಂಬ ವಿವರಪತ್ರ ಕೊಡಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಎಲ್ಲ ಶುಲ್ಕ ಸೇರಿಸಿದ ವಾರ್ಷಿಕ ದರ ಅದರಲ್ಲಿ ಇರಲೇಬೇಕು. ಒಂದು ಲಕ್ಷಕ್ಕೆ ವರ್ಷಕ್ಕೆ 12ರ ‘ಫ್ಲಾಟ್’ ಬಡ್ಡಿ (ಕಂತು ಕಟ್ಟಿದಂತೆ ಅಸಲು ಇಳಿದರೂ ಪೂರ್ತಿ ಲಕ್ಷದ ಮೇಲೇ ಲೆಕ್ಕ ಹಾಕುವ ಬಡ್ಡಿ) ಹಾಕಿ ಹನ್ನೆರಡು ಕಂತುಗಳಲ್ಲಿ 9,333ರಂತೆ ಕಟ್ಟಿಸಿಕೊಂಡರೆ ನಿಜವಾದ ದರ ಸುಮಾರು 21.5 ಆಗುತ್ತದೆ, ಆ ಅಂಕಿ ಬರೆದಿರುವ ಕಾಗದವನ್ನು ಕನ್ನಡದಲ್ಲಿ ಕೇಳಿ ಪಡೆಯಿರಿ.

ಕೊನೆಗೆ ಹಿರಿಯರೊಬ್ಬರು ಕೇಳಿದರು: ‘ಸರ್, ತಮ್ಮನ ಪಾಸ್‌ಬುಕ್ಕಿನ್ಯಾಗ ನಾಮಿನಿ ಅಂತ ನನ್ನ ಹೆಸರದ. ಅಂದ್ರ ಆ ರೊಕ್ಕ ನಂದೇ ಹೌದಲ್ರೀ?’

ಅಲ್ಲ. ಖಾತೆದಾರರು ತೀರಿಕೊಂಡ ಮೇಲೆ ಬ್ಯಾಂಕು ಯಾರ ಕೈಗೆ ಹಣ ಕೊಟ್ಟು ತನ್ನ ಹೊಣೆ ಕಳೆದುಕೊಳ್ಳಬಹುದೋ ಅವರೇ ನಾಮಿನಿ. ಪಡೆದ ಹಣವನ್ನು ಅವರು ಕಾನೂನುಬದ್ಧ ವಾರಸುದಾರರಿಗೆ ತಲುಪಿಸಬೇಕು. ತಾವೇ ವಾರಸುದಾರರಾಗಿದ್ದರೆ ತಮ್ಮ ಪಾಲನ್ನು ಇಟ್ಟುಕೊಳ್ಳಬಹುದು. ಷೇರುಗಳ ವಿಷಯದಲ್ಲೂ ನಾಮಿನಿ ಪೂರ್ಣ ಒಡೆಯರಾಗುವುದಿಲ್ಲವೆಂದು ಸುಪ್ರೀಂ ಕೋರ್ಟು 2023ರ ಡಿಸೆಂಬರ್‌ನಲ್ಲಿ ತೀರ್ಪು ಕೊಟ್ಟಿದೆ. ಜೀವ ವಿಮೆಯಲ್ಲಿ ಮಾತ್ರ, 2015ರ ತಿದ್ದುಪಡಿಯ ನಂತರ, ಪಾಲಿಸಿದಾರರು ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳನ್ನು ನಾಮಿನಿ ಮಾಡಿದ್ದರೆ ಹಣ ಅವರಿಗೇ ಸೇರುತ್ತದೆ; ಅಣ್ಣತಮ್ಮಂದಿರು ಆ ಪಟ್ಟಿಯಲ್ಲಿಲ್ಲ. ತಮ್ಮನವರ ಹಣ ನಿಮಗೇ ಸೇರಬೇಕೆಂಬುದು ಅವರ ಇಚ್ಛೆಯಾಗಿದ್ದರೆ ಅವರು ಉಯಿಲು ಬರೆಯಬೇಕು. ಸಾದಾ ಕಾಗದದ ಮೇಲೆ ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ ಬರೆದರೂ ಅದು ನಡೆಯುತ್ತದೆ, ನೋಂದಣಿ ಕಡ್ಡಾಯವಲ್ಲ. ಮುಸ್ಲಿಂ ಬಾಂಧವರಿಗೆ ಅನ್ವಯಿಸುವ ಕಾನೂನು ಬೇರೆ: ಅಲ್ಲಿ ಉಳಿದ ವಾರಸುದಾರರ ಒಪ್ಪಿಗೆಯಿಲ್ಲದೆ ಆಸ್ತಿಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿನದನ್ನು ಉಯಿಲಿನಲ್ಲಿ ಬರೆಯಲು ಬರುವುದಿಲ್ಲ, ಆದ್ದರಿಂದ ಅಂಥವರು ಬರೆಯುವ ಮುನ್ನ ವಕೀಲರನ್ನು ಕಾಣುವುದು ಒಳ್ಳೆಯದು.